ಅಕ್ಕ ಅರ್ಧ ಕೆಚ್ಚಿಟ್ಟ ಹಾಸು

ಮಗ್ಗ ಹೂಡುವವನಿಗೆ ಮೊದಲು ಬೇಕಾದದ್ದು ಒಣ ನೆಲ. ಮರ ಹಳೆಯದಾದರೂ ನಡೆಯುತ್ತದೆ, ಹಗ್ಗ ಸವೆದಿದ್ದರೆ ಬದಲಾಯಿಸಿಕೊಳ್ಳಬಹುದು, ನೆಲ ಮಾತ್ರ ಒಣಗಿರಬೇಕು. ಹಿಂದೂಪುರದಲ್ಲಿ ಆ ಚಿಂತೆಯೇ ಇಲ್ಲ. ನಮ್ಮ ಕಡೆ ಒಣಗದೆ ಇರೋದು ಏನಿದೆ ಹೇಳಿ? ಹಾಗಾಗಿ ಸಮುದ್ರದ ದಂಡೆಯ ಹೋಟೆಲಿಗೆ ಮಗ್ಗ ಹೂಡಿಕೊಡುವ ಕೆಲಸ ಬಂದಾಗ ನೆಲ ಹೇಗಿದೆ ಅಂತ ಕೇಳುವುದು ನನಗೆ ಹೊಳೆಯಲೇ ಇಲ್ಲ.

ಕೆಲಸ ತಂದವರು ಆ ಹೋಟೆಲಿನ ಒಳಾಂಗಣ ನೋಡಿಕೊಳ್ಳುತ್ತಿದ್ದ ಮೇಡಂ. ಹೋಟೆಲ್ ತುಂಬ ರಾಜ್ಯದ ಕಲೆ ಕಸುಬುಗಳೇ ಕಾಣಬೇಕು ಅನ್ನುವುದು ಮಾಲೀಕರ ಆಸೆಯಂತೆ. ಊಟದ ಹಾಲಿಗೆ ತೊಗಲುಗೊಂಬೆ, ಮಹಡಿಯ ಗೋಡೆಗಳಿಗೆ ಕಲ್ಯಾಣದುರ್ಗದ ಕರಿ ಕಂಬಳಿ, ಬಾಗಿಲು ದಾಟಿ ಕಾಲಿಟ್ಟ ಕೂಡಲೇ ಎದುರಿಗೆ ಒಂದು ರೇಷ್ಮೆ ಮಗ್ಗ. ಮಗ್ಗ ಸುಮ್ಮನೆ ನಿಂತಿರಕೂಡದು, ನೇಕಾರರೊಬ್ಬರು ಕೂತು ನೇಯುತ್ತಿರಬೇಕು. "ಲೈವ್ ಇರಬೇಕು" ಅಂತ ಒತ್ತಿ ಒತ್ತಿ ಹೇಳಿದರು. ಸತ್ತವರು ಯಾರೂ ನೇಯಲ್ಲ ಮೇಡಂ ಅಂತ ನಾನು ತೆಲುಗಿನಲ್ಲಿ ಅಂದೆ. ಅವರು ನಗಲಿಲ್ಲ. ನನ್ನ ನಾಲಿಗೆಯೇ ಅಷ್ಟು.

ನೇಕಾರರೊಬ್ಬರು ಅಂದಾಗ ನನಗೆ ತಟ್ಟನೆ ನೆನಪಾದದ್ದು ಭಾವ, ನನ್ನ ಅಕ್ಕನ ಗಂಡ. ಅವರ ಮಗ್ಗ ನಿಂತುಹೋಗಿ ಆಗಲೇ ಬಹಳ ದಿನಗಳಾಗಿದ್ದವು. ಯಾಕೆ ನಿಂತಿತ್ತು ಅನ್ನುವುದನ್ನು ಹೇಳಬೇಕಾದರೆ ನಮ್ಮ ಕಸುಬಿನ ಒಂದು ರೀತಿಯನ್ನು ಹೇಳಬೇಕು.

ಮಗ್ಗದ ಮೇಲೆ ಉದ್ದಕ್ಕೆ ಕಟ್ಟಿದ ಎಳೆಗಳಿಗೆ ಹಾಸು ಅನ್ನುತ್ತೇವೆ. ಒಂದು ಹಾಸು ನೇಯ್ದು ಮುಗಿದಾಗ ಅದನ್ನು ಪೂರ್ತಿ ಕಿತ್ತು ತೆಗೆಯುವುದಿಲ್ಲ. ಹಣಿಗೆ ಅಂತ ಬಾಚಣಿಗೆಯ ಹಾಗಿರುವ ಒಂದು ಸಾಮಾನಿದೆ. ಅದರ ಹಿಂದೆ ಮೊಳದಷ್ಟು ಹಳೆಯ ಎಳೆಗಳನ್ನು ಹಾಗೇ ಉಳಿಸಿಕೊಳ್ಳುತ್ತೇವೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ತುದಿಗೆ ಕೂಡಿಸಿ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು. ಗಂಟು ಹಾಕುವ ಹಾಗಿಲ್ಲ, ಗಂಟಾದರೆ ಹಣಿಗೆಯ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಹೀಗೆ ಹೊಸೆದು ಕೂಡಿಸುವುದಕ್ಕೆ ಕೆಚ್ಚುವುದು ಅನ್ನುತ್ತೇವೆ. ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಆಮೇಲೆ ಆ ಕೆಚ್ಚಿನ ಸಾಲನ್ನು ಮೆಲ್ಲಗೆ ಹಣಿಗೆಯಿಂದ ಆಚೆಗೆ ಎಳೆದುಕೊಂಡರೆ ಹೊಸ ಸೀರೆ ಶುರು. ನಮ್ಮ ಮನೆಗಳಲ್ಲಿ ನೇಯುವುದು ಗಂಡಸರಾದರೆ ಕೆಚ್ಚುವುದು ಹೆಂಗಸರೇ. ಗಂಡಸರಿಗೆ ಅದು ಬರುವುದೂ ಇಲ್ಲ, ಬರುತ್ತದೆ ಅಂತ ಯಾರೂ ಹೇಳಿಕೊಳ್ಳುವುದೂ ಇಲ್ಲ.

ಅಕ್ಕ ಮದುವೆಯಾಗಿ ಹೋದಂದಿನಿಂದ ಆ ಮಗ್ಗಕ್ಕೆ ಅವಳದೇ ಕೆಚ್ಚು. ಬೇರೆ ಯಾರ ಬೆರಳೂ ಅದಕ್ಕೆ ತಾಕಿರಲಿಲ್ಲ. ಕೊನೆಯ ಹಾಸನ್ನೂ ಅವಳು ಬಲಗಡೆಯಿಂದ ಶುರು ಮಾಡಿ ಅರ್ಧದ ತನಕ ಕೆಚ್ಚಿದ್ದಳು. ಎದೆ ಹಿಡಿದ ಹಾಗಾಗ್ತಿದೆ, ಒಂದು ಗುಟುಕು ಟೀ ಕುಡಿದು ಬತ್ತೀನಿ ಅಂತ ಎದ್ದವಳು ಮತ್ತೆ ಮಗ್ಗದ ಹತ್ತಿರಕ್ಕೆ ಬರಲಿಲ್ಲ. ಆಸ್ಪತ್ರೆಯಿಂದ ಅವಳನ್ನು ಮನೆಗೆ ತಂದಾಗ ಎಡಗಡೆಯ ಎಳೆಗಳು ಜೋಲುಬಿದ್ದು ಹಾಗೇ ನೇತಾಡುತ್ತಿದ್ದವು. ನನ್ನ ಅಕ್ಕ ಹೋದಳು ಅನ್ನುವುದು ನನಗೆ ಗಟ್ಟಿಯಾಗಿ ತಿಳಿದದ್ದು ಆ ಎಳೆಗಳನ್ನು ನೋಡಿದ ಮೇಲೆ. ಗೋಡೆ ಹಿಡಿದುಕೊಂಡು ಅತ್ತುಬಿಟ್ಟೆ.

ಉಳಿದರ್ಧ ಕೆಚ್ಚಿಕೊಡುತ್ತೇವೆ ಅಂತ ಬೀದಿಯ ಹೆಂಗಸರು ಬಂದರು. ಭಾವ ಯಾರನ್ನೂ ಹತ್ತಿರ ಬಿಡಲಿಲ್ಲ. ಮಗ್ಗದ ಮೇಲೊಂದು ಪಂಚೆ ಹೊದಿಸಿ, ಜಗಲಿಯ ಮೇಲೆ ಕೂತುಬಿಟ್ಟರು. ದಿನಾ ಅಲ್ಲೇ ಕೂತಿರುತ್ತಿದ್ದರು. ಊಟಕ್ಕೆ ನಮ್ಮ ಮನೆಗೆ ಬಂದರೂ ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದರು.

ಹೋಟೆಲಿನ ವಿಷಯ ಹೇಳಿದೆ. ಬೈಯುತ್ತಾರೆ ಅಂತಲೇ ಅಂದುಕೊಂಡಿದ್ದೆ. ಬೈಯಲಿಲ್ಲ.

"ಅವಳು ಕೆಚ್ಚಿದ್ದು ಬಟ್ಟೆ ಆಗ್ಬೇಕು ಕಣಪ್ಪ" ಅಂದರು. "ಅದೊಂದೇ ನಂಗೆ ಉಳ್ದಿರೋದು. ಆದ್ರೆ ಇಲ್ಲಿ ನನ್ ಕೈಲಿ ಆಗಲ್ಲ. ಲಾಳಿ ಹಿಡ್ಕಂಡ್ರೆ ಹಿಂದ್ಗಡೆ ಅವಳು ಕೂತಂಗೇ ಇರ್ತದೆ. ತಿರುಗ್ ನೋಡಿದ್ರೆ ಯಾರೂ ಇಲ್ಲ. ಬೇರೆ ಕಡೆ ಆದ್ರೆ ನೇಯ್ತೀನೇನೋ."

"ಹಂಗಾದ್ರೆ ಉಳಿದರ್ಧ ಯಾರು ಕೆಚ್ಚೋದು ಭಾವ?"

"ಮಗಳು ಕೆಚ್ಲಿ. ಅವಳು ಕೆಚ್ಚಿದ್ರೆ ನಂಗೆ ಒಪ್ಪಿಗೆ. ಇನ್ಯಾರೂ ಬ್ಯಾಡ."

ಅಕ್ಕನ ಒಬ್ಬಳೇ ಮಗಳನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದೆ. ಅಲ್ಲಿ ಬಸ್ ಸ್ಟಾಂಡಿನ ಹತ್ತಿರ ಸಣ್ಣದೊಂದು ಅಂಗಡಿಯಲ್ಲಿ ರವಿಕೆ ಹೊಲಿಯುತ್ತಾಳೆ. ಹೇಗಿದ್ದರೂ ಹೋಟೆಲಿನ ಗೋಡೆಗೆ ಬೇಕಾದ ಕಂಬಳಿ ತರಲು ನಾನು ಆ ಊರಿಗೆ ಹೋಗಬೇಕಿತ್ತು. ಕುಂದುರ್ಪಿ ಕಡೆಯಿಂದ ಬಂದ ಕಂಬಳಿಗಳನ್ನು ಆರಿಸಿ, ಮೂಟೆ ಕಟ್ಟಿಸಿ, ಅವಳ ಅಂಗಡಿಗೆ ಹೋದೆ. ವಿಷಯ ಕೇಳುತ್ತಿದ್ದ ಹಾಗೆ ಅವಳು ಹೊಲಿಗೆ ಯಂತ್ರದಿಂದ ಕಾಲು ತೆಗೆದಳು.

"ನಾನಾ? ನಂಗೆ ಕೈ ಮರ್ತೋಗೈತೆ ಮಾವ. ಹೊಲಿಗೆ ಹಿಡಿದ ಮ್ಯಾಲೆ ಒಂದೆಳೇನಾದ್ರೂ ಹೊಸ್ದಿದ್ರೆ ಕೇಳು. ಅಮ್ಮ ಇರೋವಾಗ್ಲೇ ನಾನ್ ಕೆಚ್ಚಿದ್ನೆಲ್ಲ ಬಿಚ್ಚಾಕಿ ಮತ್ತೆ ಕೆಚ್ಚಿಸ್ತಿದ್ಲು. ಒಂದ್ ದಿನಾನೂ ಚೆನ್ನಾಗೈತೆ ಅಂದವಳಲ್ಲ."

"ನಿಮ್ಮಪ್ಪ ಊಟ ಬಿಟ್ಟವ್ರೆ ಕಣಮ್ಮ" ಅಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಎದುರಿಗಿದ್ದ ರವಿಕೆಯನ್ನು ಮಡಿಸಿಟ್ಟಳು. ಮಾರನೆಯ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟೆವು.

ಅವಳು ಕೆಚ್ಚಿದ್ದನ್ನು ನಾನು ಪೂರ್ತಿ ಕೂತು ನೋಡಿದೆ. ಅಕ್ಕನ ಮಣೆಯ ಮೇಲೆ ಅವಳೇ ಕೂತಳು. ಮೊದಮೊದಲು ಬೆರಳು ತಡವರಿಸುತ್ತಿದ್ದವು. ಒಂದೆಳೆ ಹೊಸೆದು, ಮೆಲ್ಲಗೆ ಎಳೆದು ನೋಡಿ, ಜಾರಿದರೆ ಮತ್ತೆ ಹೊಸೆಯುತ್ತಿದ್ದಳು. ಬರುಬರುತ್ತಾ ಕೈ ತಾನಾಗಿ ದಾರಿ ಹಿಡಿಯಿತು. ಭಾವ ಹೊಸ್ತಿಲಲ್ಲಿ ಕೂತು ಅವಳ ಬೆರಳನ್ನೇ ನೋಡುತ್ತಿದ್ದರು. ಕೊನೆಯ ಎಳೆ ಮುಗಿದಾಗ ಅವಳು ಎದ್ದು, "ಅಪ್ಪ, ಎಳೆಯೋವಾಗ ಹುಷಾರು. ನಂದೇನಾದ್ರೂ ಬಿಚ್ಕಂಡ್ರೆ ಅಮ್ಮಂದೂ ಕೆಟ್ಟೋಯ್ತದೆ" ಅಂದಳು. ಅವಳಿಗಿದ್ದದ್ದು ಅದೊಂದೇ ಹೆದರಿಕೆ. ಭಾವ ಅವಳ ತಲೆಯ ಮೇಲೆ ಕೈಯಿಟ್ಟರು. ನಾನು ಎದ್ದು ಹೊರಗೆ ಬಂದುಬಿಟ್ಟೆ. ಅಲ್ಲಿ ಕೂತಿದ್ದರೆ ನನ್ನ ಗತಿ ನೆಟ್ಟಗಾಗುತ್ತಿರಲಿಲ್ಲ.

ಕೆಚ್ಚಿನ ಸಾಲನ್ನು ಹಿಂದೂಪುರದಲ್ಲೇ ಹಣಿಗೆಯಿಂದ ಎಳೆದುಕೊಂಡು ಹೊರಡಬಹುದಿತ್ತು. ಭಾವ ಒಪ್ಪಲಿಲ್ಲ. ಅಲ್ಲಿ ಹೋಗಿಯೇ ಎಳೆಯುವುದು, ಅಲ್ಲೇ ಮೊದಲ ಲಾಳಿ ಹಾಕುವುದು ಅಂತ ಹಟ. ಸರಿ, ಸಾಲು ಇದ್ದ ಹಾಗೇ ಅದರ ಹಿಂದಕ್ಕೂ ಮುಂದಕ್ಕೂ ಬಿದಿರಿನ ಕಡ್ಡಿ ಕೊಟ್ಟು, ಹತ್ತಿ ಬಟ್ಟೆ ಸುತ್ತಿ, ಹಾಸು ಸುತ್ತಿದ ಮರವನ್ನು ಎಳೆಮಗುವನ್ನು ಎತ್ತಿಕೊಂಡ ಹಾಗೆ ಎತ್ತಿ ಲಾರಿಗೆ ಏರಿಸಿದೆವು. ಕಂಬ, ತೊಲೆ, ಅಂಚಿನ ಚಿತ್ತಾರ ಎತ್ತುವ ಜಕಾರ್ಡು ಪೆಟ್ಟಿಗೆ ಎಲ್ಲಕ್ಕೂ ಗುರುತು ಹಾಕಿದೆ. ಸೋಮಂದೇಪಲ್ಲಿ ದಾಟುವ ತನಕ ಭಾವ ಹಿಂದೆ ತಿರುಗಿ ಹಾಸಿನ ಮೂಟೆಯನ್ನೇ ನೋಡುತ್ತಿದ್ದರು.

ಹೋಟೆಲು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮುಂದಿನ ಹಾಲಿಗೆ ಸಮುದ್ರದ ಕಡೆ ಗೋಡೆಯೇ ಇಲ್ಲ, ಗಾಳಿ ನೇರ ಒಳಗೇ ಬರುತ್ತದೆ. ಬಂದವರಿಗೆ ಅದೇ ಖುಷಿಯಂತೆ. ಮಗ್ಗಕ್ಕೆ ಅಂತ ಗ್ರಾನೈಟಿನ ನಡುವೆ ಮೊದಲೇ ಗುಂಡಿ ಬಿಟ್ಟಿದ್ದರು. ನೇಯುವವರು ಕಾಲು ಇಳಿಬಿಟ್ಟು ಕೂರುವ ಗುಂಡಿ ಅದು. ನಾನು ಇಳಿದು ನೋಡಿದರೆ ತಳದಲ್ಲಿ ನೀರು. ಮೊಗೆದು ಹಾಕಿದೆ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಬಂತು. ಹೋಟೆಲಿನ ಇಂಜಿನಿಯರು ಏನೇನೋ ಬಳಿಸಿದರು, ನೀರು ನಿಲ್ಲಲಿಲ್ಲ. ಸಮುದ್ರ ಅಲ್ಲೇ ಅಂಗಳದಲ್ಲಿದೆ, ಅದಕ್ಕೆ ಬರಬೇಡ ಅಂದರೆ ಕೇಳುತ್ತದಾ?

ಕೊನೆಗೆ ಗುಂಡಿಯನ್ನು ಮುಚ್ಚಿಸಿ, ಹಲಗೆಯ ಕಟ್ಟೆ ಮಾಡಿಸಿ, ಇಡೀ ಮಗ್ಗವನ್ನು ಅದರ ಮೇಲಕ್ಕೆ ಏರಿಸಿದೆ. ಕಟ್ಟೆಯ ನಡುವೆ ಕಾಲಿಗೆ ಜಾಗ ಬಿಟ್ಟೆ. ಮೇಡಂ ನೋಡಿ, ಹೀಗೇ ಚೆನ್ನಾಗಿ ಕಾಣುತ್ತದೆ, ಫೋಟೋಗೆ ಬರುತ್ತದೆ ಅಂದರು. ಭಾವ ಕೂತು ಕಾಲುಮಣೆ ತುಳಿದು ನೋಡಿ, "ಆಯ್ತು, ಬಿಡು. ನಡೀತದೆ" ಅಂದರು. ಎಷ್ಟೋ ತಿಂಗಳ ಮೇಲೆ ಅವರ ಬಾಯಲ್ಲಿ ನಡೀತದೆ ಅನ್ನುವ ಮಾತು ಕೇಳಿದ್ದೆ. ಅವತ್ತು ಹೊಟ್ಟೆ ತುಂಬ ಊಟ ಮಾಡಿದರು.

ಎರಡನೆಯ ತೊಂದರೆ ಹಾಸು ಬಿಗಿದಾಗ ಶುರುವಾಯಿತು. ಬಿಗಿದ ಎಳೆ ಊಟ ಮಾಡಿ ಬರುವಷ್ಟರಲ್ಲಿ ಸಡಿಲ. ಮತ್ತೆ ಬಿಗಿದರೆ ಮತ್ತೆ ಸಡಿಲ. ರೇಷ್ಮೆ ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಗೋಡೆಯ ಕಂಬಳಿಗಳಂತೂ ನೆನೆದ ಕುರಿಯ ವಾಸನೆ ಹೊಡೆಯುತ್ತಿದ್ದವು. ಕೆಚ್ಚಿನ ಸಾಲನ್ನು ಒಂದು ಬೆರಳಿನಗಲ ಎಳೆದು ನೋಡಿದೆವು. ಒಂದು ಕಡೆ ನಾಲ್ಕಾರು ಎಳೆ ಸದ್ದಿಲ್ಲದೆ ಜಾರಿ ಬಿಚ್ಚಿಕೊಂಡವು. ಹೊಸೆತ ನಿಲ್ಲುವುದು ಎಳೆ ಒಣಗಿದ್ದರೆ ತಾನೇ? ಭಾವ ತಟ್ಟನೆ ಕೈ ಎತ್ತಿದರು.

"ನಿಲ್ಸು, ನಿಲ್ಸು! ಎಳೀಬ್ಯಾಡ ಕಣ್ಲಾ. ಮೊದ್ಲು ಒಣಗ್ಬೇಕು. ಕೆಂಡ ಇಡ್ಬೇಕು."

ಇದು ನಮಗೆ ಹೊಸದಲ್ಲ. ಹಿಂದೂಪುರದಲ್ಲಿ ಜಡಿಮಳೆ ಹಿಡಿದಾಗ ಪ್ರತಿ ಮನೆಯಲ್ಲೂ ಹಾಸಿನ ಕೆಳಗೆ ಒಂದು ಮಣ್ಣಿನ ಕುಂಪಟಿಯಲ್ಲಿ ಕೆಂಡ ಇಡುತ್ತೇವೆ. ಜ್ವಾಲೆ ಇರಬಾರದು, ಮೇಲೆ ತೆಳ್ಳಗೆ ಬೂದಿ ಮುಚ್ಚಿರಬೇಕು. ಆ ಕಾವಿಗೆ ಎಳೆ ಗಟ್ಟಿಯಾಗುತ್ತದೆ. ಅಕ್ಕ ಕುಂಪಟಿಯನ್ನು ತುಸು ತುಸುವೇ ಸರಿಸುತ್ತಾ ಹಾಸಿನ ಉದ್ದಕ್ಕೂ ಕಾವು ಕೊಡುತ್ತಿದ್ದದ್ದನ್ನು ನಾನೇ ಎಷ್ಟು ಸಲ ನೋಡಿದ್ದೇನೆ. ಹಾಗಾಗಿ ಭಾವ ಹೇಳಿದಾಗ ನನಗೆ ಯಾವ ಅನುಮಾನವೂ ಬರಲಿಲ್ಲ. ನಾನು ಹೋಟೆಲಿನ ಅಡುಗೆಮನೆಗೆ ಹೋಗಿ ರೊಟ್ಟಿ ಸುಡುವ ಒಲೆಯಿಂದ ಕೆಂಡ ಕೇಳಿದೆ. ಅಡುಗೆಯವರು ನಗುನಗುತ್ತಾ ಒಂದು ತಗಡಿನ ತಟ್ಟೆಗೆ ತುಂಬಿಕೊಟ್ಟರು. ನಾನು ಅದನ್ನು ತಂದು ಕಟ್ಟೆಯ ಮೇಲೆ ಇಟ್ಟಿಗೆಯಿಟ್ಟು, ಅದರ ಮೇಲೆ ಇರಿಸಿದೆ. ಭಾವ ಹಣಿಗೆಯ ಕಡೆಯ ಹಳೆಯ ಎಳೆಗಳಿಗೆ ಕಿಡಿ ಹಾರದಿರಲಿ ಅಂತ ದಪ್ಪ ಬಟ್ಟೆ ಹೊದಿಸಿ, ಕೆಚ್ಚಿನ ಸಾಲಿನ ಕೆಳಗೆ ಕಾವು ತಾಗುವ ಹಾಗೆ ತಟ್ಟೆ ಸರಿಸಿದರು.

ನಿಜಕ್ಕೂ ಎಳೆ ಬಿಗಿಯತೊಡಗಿತ್ತು. ಭಾವ ಒಂದು ಎಳೆಯನ್ನು ಉಗುರಿನಿಂದ ಮೀಟಿ, "ಕೇಳ್ದಾ?" ಅಂದರು. ಅವರ ಮುಖದಲ್ಲಿ ನಗು ಇತ್ತು.

ಕೆಂಡದೊಳಗೆ ಒಂದು ಹಸಿ ಇದ್ದಿಲು ಇದ್ದಿರಬೇಕು. ಸಣ್ಣಗೆ ಹೊಗೆಯೆದ್ದಿತು. ಅಷ್ಟೇ. ನಮ್ಮ ಕಣ್ಣಿಗೆ ಅದು ಹೊಗೆಯೇ ಅಲ್ಲ. ಮಾಡಿನಲ್ಲಿ ಬಿಳಿ ಬಿಲ್ಲೆಯ ಹಾಗಿದ್ದದ್ದು ಒಮ್ಮೆಲೇ ಕಿವಿ ಕಿತ್ತುಹೋಗುವ ಹಾಗೆ ಕೂಗತೊಡಗಿತು. ಏನು ಕೂಗುತ್ತಿದೆ ಅಂತ ನಾವು ಮೇಲೆ ನೋಡುತ್ತಿದ್ದೇವೆ, ಬಾಗಿಲ ಕಡೆಯಿಂದ ಕಾವಲುಗಾರ "ಮಂಟಾ! ಮಂಟಾ!" ಅಂತ, ಬೆಂಕಿ ಬೆಂಕಿ ಅಂತ ತೆಲುಗಿನಲ್ಲಿ ಅರಚುತ್ತಾ ಕೆಂಪು ಸಿಲಿಂಡರ್ ಎತ್ತಿಕೊಂಡು ಓಡಿಬಂದ.

"ವದ್ದಯ್ಯಾ, ವದ್ದು!" ಬೇಡ ಬೇಡ ಅಂತ ನಾನೂ ತೆಲುಗಿನಲ್ಲೇ ಅರಚಿದೆ. ಭಾವ ಎರಡು ಕೈಯನ್ನೂ ಅಗಲಿಸಿ ಹಾಸಿನ ಮುಂದೆ ಅಡ್ಡ ನಿಂತರು. ಅವರು ಸುಟ್ಟುಹೋಗುತ್ತಾರೆ ಅಂತ ಆ ಪುಣ್ಯಾತ್ಮ ಅಂದುಕೊಂಡಿರಬೇಕು, ಅವರನ್ನು ಪಕ್ಕಕ್ಕೆ ಎಳೆದು, ಸಿಲಿಂಡರ್ ಅದುಮಿ ಹಿಡಿದ. ಬಿಳಿ ಪುಡಿ ಭುಸ್ ಅಂತ ಬಂತು. ತಟ್ಟೆ ಕಾಣಲಿಲ್ಲ, ಹಾಸು ಕಾಣಲಿಲ್ಲ, ಭಾವನ ಮುಖವೂ ಕಾಣಲಿಲ್ಲ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕಲಿಸಿದ್ದನ್ನು ಅವನು ಮಾಡಿದ, ನಮಗೆ ಕಲಿಸಿದ್ದನ್ನು ನಾವು ಮಾಡಿದ್ದೆವು. ಮ್ಯಾನೇಜರೂ ಕೂಗಾಡಲಿಲ್ಲ. ಭಾವನಿಗೆ ಕುರ್ಚಿ ತರಿಸಿ, ಕಣ್ಣು ತೊಳೆಸಿದರು. ತಪ್ಪು ಯಾರದು ಅಂತ ಬೆರಳು ತೋರಿಸಲು ಒಬ್ಬರಾದರೂ ಸಿಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಮೇಲೆ ಪುಡಿ ತೆಗೆಯುವ ಕೆಲಸ. ಮೊದಲು ಉಫ್ ಅಂತ ಊದಿದೆವು. ಮೇಲಿನದು ಹಾರಿತು, ಒಳಗಿನದು ತೇವಕ್ಕೆ ಹಿಡಿದುಕೊಂಡು ಹಿಟ್ಟಿನ ಹಾಗೆ ಕೂತಿತ್ತು. ಮೆತ್ತನೆಯ ಕುಂಚದಿಂದ ಎಳೆ ಎಳೆಯನ್ನೂ ಸವರಿದೆವು. ಸವರಿದ ಕಡೆ ಎಳೆ ಜುಂಗು ಎದ್ದಿತು. ಒದ್ದೆ ಬಟ್ಟೆ ತಾಗಿಸಿದರೆ ಪುಡಿ ಕರಗಿ ಇನ್ನೂ ಒಳಕ್ಕೆ ಇಳಿಯಿತು. ಮಾರನೆಯ ದಿನಕ್ಕೆ ಅಂಚಿನ ಜರಿ ಕಪ್ಪಾಗತೊಡಗಿತು. ಭಾವ ಕೆಚ್ಚಿನ ಸಾಲಿನ ಮೇಲೆ ಬಗ್ಗಿ, ಅಕ್ಕನ ಕಡೆಯಿಂದ ಒಂದೊಂದೇ ಹೊಸೆತಕ್ಕೆ ಮೆತ್ತಿದ ಪುಡಿಯನ್ನು ಉಗುರಿನ ತುದಿಯಿಂದ ಬಿಡಿಸುತ್ತಾ ಕೂತಿದ್ದರು. ಬಿಡಿಸಿದ ಕಡೆ ಹೊಸೆತ ಬಿಚ್ಚಿಕೊಳ್ಳುತ್ತಿತ್ತು. ಬಿಚ್ಚಿಕೊಂಡದ್ದನ್ನು ತಾವೇ ಹೊಸೆಯಲು ನೋಡಿದರು. ಅವರ ದಪ್ಪ ಬೆರಳಿಗೆ ಅದು ಒಗ್ಗಲಿಲ್ಲ. ನನಗೆ ನೋಡಲಾಗಲಿಲ್ಲ.

ಮೇಡಂ ಬಂದು ಒಂದು ದಾರಿ ಹೇಳಿದರು. ಉದ್ಘಾಟನೆ ಹತ್ತಿರ ಬಂದಿದೆ, ಹಾಸನ್ನು ಹೀಗೇ ಬಿಡೋಣ, ಮೇಲೆ ಒಂದು ಒಳ್ಳೆಯ ಸೀರೆ ಹೊದಿಸೋಣ, ಭಾವ ಸುಮ್ಮನೆ ಲಾಳಿ ಹಿಡಿದು ಕೂತರೆ ಸಾಕು. ಅವರಿಗೆ ಒಳ್ಳೆಯ ಮನಸ್ಸೇ ಇತ್ತು. ಆದರೆ ಪುಡಿ ಮೆತ್ತಿದ ಹಾಸನ್ನು ಹಾಗೇ ಬಿಟ್ಟರೆ ಹಣಿಗೆಗೆ ತುಕ್ಕು ಹಿಡಿಯುತ್ತದೆ, ಎಳೆಗಳನ್ನು ಎತ್ತಿ ಇಳಿಸುವ ನೂಲಿನ ಕುಣಿಕೆಗಳೆಲ್ಲ ಕೊಳೆಯುತ್ತವೆ. ಆಮೇಲೆ ಆ ಮಗ್ಗ ಯಾವತ್ತೂ ನೇಯುವುದಿಲ್ಲ. ಬಟ್ಟೆ ಹೊದಿಸಿದ್ದರಿಂದ ಹಣಿಗೆಯ ಕಡೆಯ ಹಳೆಯ ಎಳೆಗಳು ಮಾತ್ರ ಉಳಿದಿದ್ದವು. ಅವನ್ನು ಉಳಿಸಿಕೊಂಡರೆ ಇನ್ನೊಂದು ಹಾಸು ಕೂಡಿಸಬಹುದು, ಮಗ್ಗ ಬದುಕುತ್ತದೆ. ಅದಕ್ಕೆ ಕೆಚ್ಚಿನ ಸಾಲಿನ ಮುಂದಕ್ಕೆ ಕತ್ತರಿ ಹಾಕಬೇಕು. ಅಂದರೆ ಅಕ್ಕ ಕೆಚ್ಚಿದ್ದು, ಮಗಳು ಕೆಚ್ಚಿದ್ದು ಎಲ್ಲ ಹೋದಂತೆ.

ಎರಡು ದಿನ ಈ ಮಾತನ್ನು ಬಾಯಲ್ಲೇ ಇಟ್ಟುಕೊಂಡು ತಿರುಗಿದೆ. ಮಗ್ಗ ಹೂಡುವವನು ನಾನು, ಹೇಳಬೇಕಾದವನೂ ನಾನೇ. ಒಂದು ಬೆಳಿಗ್ಗೆ ಕಾಫಿ ಕುಡಿಯುವಾಗ ಹೇಳಿಬಿಟ್ಟೆ.

"ಭಾವ, ಕೊಯ್ಯೋದೇ. ಇಲ್ದಿದ್ರೆ ಮಗ್ಗಾನೂ ಹೋಯ್ತದೆ."

ಅವರು ಲೋಟ ಕೆಳಗಿಟ್ಟರು. "ಗೊತ್ತು ಕಣಪ್ಪ" ಅಂದರು. "ನೀನ್ ಯಾವಾಗ ಹೇಳ್ತೀಯೋ ಅಂತ ಕಾಯ್ತಾ ಇದ್ದೆ. ನೀನೇ ಕೊಯ್ಯಿ. ನನ್ ಕೈ ಬರಲ್ಲ."

ಎಡಗಡೆಯಿಂದ ಶುರು ಮಾಡಿದೆ. ಕಡ್ಡಿಗೆ ಸರಿಯಾಗಿ ಒಂದು ಹಿಡಿ ಎಳೆ ಹಿಡಿದುಕೊಳ್ಳುವುದು, ಕೊಯ್ಯುವುದು, ಹಳೆಯ ತುದಿ ಜಾರದ ಹಾಗೆ ಸದ್ಯಕ್ಕೊಂದು ಗಂಟು ಹಾಕಿ ಬಿಡುವುದು, ಇನ್ನೊಂದು ಹಿಡಿ. ಈ ಕೆಲಸವನ್ನು ಬೇರೆಯವರ ಮನೆಗಳಲ್ಲಿ ಎಷ್ಟೋ ಸಲ ಮಾತಾಡಿಕೊಂಡೇ ಮಾಡಿದ್ದೇನೆ. ಅವತ್ತು ಒಂದೊಂದು ಹಿಡಿಯನ್ನೂ ಎರಡೆರಡು ಸಲ ನೋಡಿ ಕೊಯ್ದೆ. ಭಾವ ನನ್ನ ಪಕ್ಕದಲ್ಲೇ ಮಣೆಯ ಮೇಲೆ ಕೂತಿದ್ದರು. ಮಗಳ ಕಡೆಯದು ಮುಗಿಯುತ್ತಾ ಬಂದಾಗ ಅವರ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಕಲ್ಯಾಣದುರ್ಗದಿಂದ. ಅವರಿಗೆ ಕಿವಿ ಮಂದ, ಯಾವಾಗಲೂ ಗಟ್ಟಿಯಾಗಿ ಕೇಳುವ ಹಾಗೇ ಇಟ್ಟಿರುತ್ತಾರೆ. ನಾನು ಕತ್ತರಿ ಆಡಿಸುವುದನ್ನು ನಿಲ್ಲಿಸಿದೆ.

"ಅಪ್ಪ, ಎಳೆದ್ರಾ? ಹಣಿಗೆ ದಾಟ್ತಾ?" ಅವಳ ಹಿಂದೆ ಬಸ್ಸಿನ ಹಾರನ್ ಕೇಳುತ್ತಿತ್ತು. "ದಿನಾ ಕೇಳಾನ ಅಂತೀನಿ, ಹೆದ್ರಿಕೆ ಆಯ್ತದೆ. ಬಿಚ್ಕಳ್ಳಿಲ್ಲ ತಾನೇ?"

"ದಾಟ್ತು ಕಣಮ್ಮ" ಅಂದರು ಭಾವ. ಅವರ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. "ಒಂದೆಳೇನೂ ಬಿಚ್ಚಲಿಲ್ಲ. ಬಟ್ಟೆ ಇಳೀತಾ ಐತೆ."

"ನಿಜವಾಗ್ಲೂ? ನಂದೂ ನಿಂತ್ಕಂತಾ?"

"ನಿಂತ್ಕಂತು. ನಿಂದ್ಯಾವ್ದು, ನಿಮ್ಮಮ್ಮಂದ್ಯಾವ್ದು ಅಂತ ನಂಗೇ ಗೊತ್ತಾಗಲಿಲ್ಲ. ಅಷ್ಟ್ ಚೆನ್ನಾಗ್ ಕೆಚ್ಚಿದೀಯ."

ಆ ಕಡೆ ಅವಳು ಅಳುತ್ತಿರುವುದು ಕೇಳಿಸಿತು. ಅಳುತ್ತಲೇ ನಕ್ಕಳು. ಅಮ್ಮ ಇದ್ದಿದ್ದರೆ ಹೀಗೆ ಅಂತಿರಲಿಲ್ಲ ಬಿಡು ಅಂದಳು. ಭಾವ "ಅಂತಿದ್ಲು, ಅಂತಿದ್ಲು. ಹೋಗಮ್ಮ, ಕೆಲ್ಸ ನೋಡ್ಕ" ಅಂತ ಫೋನ್ ಇಟ್ಟರು.

ನಾನು ಅವರ ಮುಖ ನೋಡಲಿಲ್ಲ. ಎಡಗಡೆಯ ಕೊನೆಯ ಹಿಡಿಯನ್ನು ಕೊಯ್ದು ಗಂಟು ಹಾಕಿದೆ. ಇನ್ನು ಉಳಿದದ್ದು ಬಲಗಡೆಯದು, ಅಕ್ಕನದು. ಮೊದಲ ಹಿಡಿಗೆ ಕೈ ಹಾಕುವಾಗ ಭಾವ ನನ್ನ ಮಣಿಕಟ್ಟು ಹಿಡಿದರು.

"ಕೊಡಿಲ್ಲಿ" ಅಂದರು. "ಇದು ನಾನ್ ಕೊಯ್ತೀನಿ."

ಕತ್ತರಿ ಅವರ ಕೈಗೆ ಕೊಟ್ಟು, ಎದ್ದು ಜಾಗ ಬಿಟ್ಟೆ.